ನಡುಗೋಡೆ ಮತ್ತು ಹೊಸ ಟೀವಿ

"ಗುರುಗಳೇ, ಮನೆಗೆ ಹೊಸದು ಬಂದ ದಿನವೇ ಹಳೆಯದರ ನೆನಪು ಹೆಚ್ಚು ಕಾಡುತ್ತದೆ. ಹಳೆಯ ದಿನಗಳು ಮತ್ತೆ ಸಿಗಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಹಬ್ಬಕ್ಕೆಂದು ಅಣ್ಣನಿರುವ ಊರಿಗೆ ಹೋಗಿದ್ದವನು ಹಿಂದಿನ ಸಂಜೆಯಷ್ಟೇ ಮಠಕ್ಕೆ ಮರಳಿದ್ದ. ಬಂದಾಗಿನಿಂದ ಮಂಕಾಗಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನಿಗೆ ಒಬ್ಬ ತಮ್ಮ. ತಾಯಿ ಇರುವವರೆಗೆ ಇಬ್ಬರೂ ಒಂದೇ ಮನೆಯಲ್ಲಿದ್ದರು. ತಾಯಿ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಕೋಣೆ, ಹಂಡೆ, ಮಂಚ ಎಲ್ಲವನ್ನೂ ತಕರಾರಿಲ್ಲದೆ ಹಂಚಿಕೊಂಡರು. ಕೊನೆಗೆ ಪಡಸಾಲೆಯ ಟೀವಿ ಉಳಿಯಿತು.

"ಅದೊಂದನ್ನು ನನಗೆ ಬಿಡಣ್ಣ" ಎಂದ ತಮ್ಮ.

"ಬೇಕಿದ್ದರೆ ಹೊಸದು ಕೊಂಡುಕೋ" ಎಂದ ಅಣ್ಣ.

ತಮ್ಮ ಎದ್ದು ತನ್ನ ಪಾಲಿನ ಕೋಣೆಗೆ ಹೋದ. ಕೆಲವೇ ದಿನಗಳಲ್ಲಿ ಪಡಸಾಲೆಯ ನಡುವೆ ಗೋಡೆ ಎದ್ದಿತು. ಅವಸರದ ಗೋಡೆ, ಅರ್ಧ ಇಟ್ಟಿಗೆಯ ದಪ್ಪ. ಅದು ಎದ್ದ ಮೇಲೆ ಅಣ್ಣ ತಮ್ಮಂದಿರ ನಡುವೆ ಮಾತು ನಿಂತುಹೋಯಿತು. ಒಬ್ಬರ ಮನೆಯ ಒಗ್ಗರಣೆಯ ವಾಸನೆ ಇನ್ನೊಬ್ಬರಿಗೆ ಬರುತ್ತಿತ್ತು. ಮಾತು ಮಾತ್ರ ಬರುತ್ತಿರಲಿಲ್ಲ.

ವರ್ಷಗಳು ಕಳೆದವು. ಒಂದು ದಿನ ಆ ಟೀವಿ ಕೆಟ್ಟಿತು. ರಿಪೇರಿಯವನು ಬಿಚ್ಚಿ ನೋಡಿ, ಇದರ ಭಾಗಗಳು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಮತ್ತೆ ಮುಚ್ಚಿದ. ವ್ಯಾಪಾರಿ ಹೊಸದನ್ನು ತರಲು ಹೊರಟ.

ಅಂಗಡಿಯ ಗೋಡೆಯ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಜಲಪಾತ ಸುರಿಯುತ್ತಿತ್ತು. ಅಂಗಡಿಯವನು ಎಷ್ಟು ಇಂಚು ಎಂದು ಕೇಳಿದ. ಯಾವ ಪ್ಯಾನೆಲ್ ಎಂದು ಕೇಳಿದ. ನೀವು ಕೂರುವ ಜಾಗಕ್ಕೂ ಗೋಡೆಗೂ ಎಷ್ಟು ಅಡಿ ಎಂದು ಕೇಳಿದ. ವ್ಯಾಪಾರಿಗೆ ಯಾವುದಕ್ಕೂ ಉತ್ತರ ಗೊತ್ತಿರಲಿಲ್ಲ. ಇನ್ನೊಂದು ಅಂಗಡಿಗೆ ಹೋದ. ಮೊದಲ ಅಂಗಡಿಯವನು ಹೊಗಳಿದ್ದನ್ನೆಲ್ಲ ಅಲ್ಲಿಯವನು ತೆಗಳಿದ. ಮೂರನೆಯ ಕಡೆ ಸೋತು, ಎದುರಿಗೆ ಕಂಡದ್ದನ್ನೇ ಕೊಡಿ ಎಂದ.

ದಾರಿಯುದ್ದಕ್ಕೂ ಅವನಿಗೆ ಹಳೆಯ ಟೀವಿ ಬಂದ ದಿನವೇ ನೆನಪಾಯಿತು. ಅಂದು ಕೇರಿಗೆಲ್ಲ ಅದೊಂದೇ ಟೀವಿ. ಭಾನುವಾರ ಬೆಳಗ್ಗೆ ಪಡಸಾಲೆ ತುಂಬಿ ಜಗಲಿಯ ಮೇಲೂ ಜನ ಕೂರುತ್ತಿದ್ದರು. ತಾಯಿ ಮುಂದೆ ಕೂತು, ತೆರೆಯ ಮೇಲೆ ದೇವರು ಬಂದರೆ ಕೈ ಮುಗಿಯುತ್ತಿದ್ದಳು. ಯಾರೋ ಕಡಲೆಕಾಯಿ ತರುತ್ತಿದ್ದರು. ಆ ಸುಖ ಇನ್ನೆಲ್ಲಿ ಬರಬೇಕು ಎಂದು ಅವನು ನಿಟ್ಟುಸಿರಿಟ್ಟ.

ಹೊಸ ಟೀವಿ ಮನೆಗೆ ಬಂತು. ಹಳೆಯದು ಕೂತಿದ್ದ ಗೂಡಿನಲ್ಲಿ ಅದು ಹಿಡಿಯಲಿಲ್ಲ. ಮೇಜಿನ ಮೇಲಿಟ್ಟರೆ ಅದರ ಕಾಲುಗಳು ಎರಡೂ ಬದಿಗೆ ಹೊರಚಾಚಿದವು; ಮತ್ತೆ ಪೆಟ್ಟಿಗೆಗೇ ಸೇರಿಸಿದರು. ಗೋಡೆಗೆ ಹಾಕಿಕೊಡುವವನು ನಾಳೆ ಬರುತ್ತೇನೆ, ನಾಳೆ ಬರುತ್ತೇನೆ ಎಂದು ದಿನ ತಳ್ಳಿದ. ವ್ಯಾಪಾರಿ ಫೋನಿನಲ್ಲಿ ಕೂಗಾಡಿದ. ಅವನ ಹೆಂಡತಿ ನೀಲಗಂಗಮ್ಮ, ಬಟ್ಟೆ ಹೊದಿಸಿ ಮೂಲೆಗಿಟ್ಟ ಹಳೆಯ ಟೀವಿಯ ಧೂಳು ಒರೆಸುತ್ತ, "ಇದು ಸ್ವಿಚ್ಚು ಒತ್ತಿದರೆ ಸಾಕಿತ್ತು" ಎಂದಳು.

ಕಡೆಗೂ ಆ ಮನುಷ್ಯ ಒಂದು ಮಧ್ಯಾಹ್ನ ಬಂದ. ಉಳಿದ ಗೋಡೆಗಳೆಲ್ಲ ಮಣ್ಣಿನವು, ಮೊಳೆ ನಿಲ್ಲದು. ಇಟ್ಟಿಗೆಯದು ನಡುಗೋಡೆ ಒಂದೇ. ಅವನು ಅಲ್ಲಿಯೇ ಗುರುತು ಹಾಕಿ, ಡ್ರಿಲ್ಲಿಂಗ್ ಮೆಷಿನ್ನಿಗೆ ಬಲ ಕೊಟ್ಟ. ಗೋಡೆಯ ದಪ್ಪ ಅವನಿಗೆ ಗೊತ್ತಿರಲಿಲ್ಲ. ಮೆಷಿನ್ನಿನ ಮೊನೆ ಆಚೆ ಕಡೆಗೆ ತೂರಿಹೋಯಿತು. ಆ ಕಡೆ ಗಾರೆ ಉದುರಿದ ಸದ್ದು, ತಟ್ಟೆಯ ಸದ್ದು, ಯಾರೋ ಎದ್ದ ಸದ್ದು.

ಸ್ವಲ್ಪ ಹೊತ್ತಿಗೆ ತಮ್ಮ ಬಾಗಿಲಲ್ಲಿ ನಿಂತಿದ್ದ. ತಲೆಯ ಮೇಲೆ ಸುಣ್ಣದ ಪುಡಿ, ಬಲಗೈಯಲ್ಲಿ ಅನ್ನದ ಅಗುಳು. ಮುಖ ಕೆಂಪಾಗಿತ್ತು. ಗೋಡೆ ಕೊರೆದವನು ಮೆಷಿನ್ನು ಚೀಲಕ್ಕೆ ತುಂಬಿಕೊಂಡು, ಆಮೇಲೆ ಬರುತ್ತೇನೆ ಎಂದು ಜಾರಿಕೊಂಡ.

ಬೈಯಲು ಬಂದ ತಮ್ಮನ ಕಣ್ಣು ಮೂಲೆಯ ಹಳೆಯ ಟೀವಿಯ ಮೇಲೆ ಬಿತ್ತು. ಅವನು ಅಲ್ಲಿಗೆ ಹೋಗಿ, ಎಡಗೈಯಿಂದ ಬಟ್ಟೆ ಸರಿಸಿ ನೋಡಿದ.

"ಕೆಟ್ಟಿತೇ?"

"ಹೂಂ. ಇನ್ನು ಸರಿಹೋಗುವುದಿಲ್ಲವಂತೆ."

"ಇದರಲ್ಲಿ ನಾನು ಒಂದು ಕಾರ್ಯಕ್ರಮವನ್ನೂ ಪೂರ್ತಿ ನೋಡಲಿಲ್ಲ ಅಣ್ಣ."

"ಹಾಗಾದರೆ ಪಾಲಿನ ದಿನ ಇದನ್ನೇ ಯಾಕೆ ಕೇಳಿದೆ?"

ತಮ್ಮ ಹೇಳಿದ: "ನೀವೆಲ್ಲ ಕೆಳಗೆ ಕೂತಾಗ ನಾನು ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆ. ಚಿತ್ರ ಬಂದರೆ ಅವ್ವ ಅಂಗಳಕ್ಕೆ ಓಡಿಬಂದು, 'ಬಂತು ಕಣೋ, ಬಂತು, ಸಾಕು ಇಳಿ, ಬಿದ್ದುಗಿದ್ದೀಯ' ಎಂದು ಕೂಗುತ್ತಿದ್ದಳು. ಈ ಟೀವಿ ನೋಡಿದರೆ ನನಗೆ ಆ ಕೂಗು ಕೇಳಿಸುತ್ತದೆ."

ವ್ಯಾಪಾರಿ ಹಳೆಯ ಟೀವಿಯ ಪಕ್ಕದಲ್ಲಿ ಕೂತ. ಇಷ್ಟು ವರ್ಷ ಅವನು ಆ ಭಾನುವಾರಗಳನ್ನು ನೆನೆದಿದ್ದ. ತಾಯಿಯನ್ನು ನೆನೆದಿದ್ದ, ಕೇರಿಯವರನ್ನು ನೆನೆದಿದ್ದ, ಕಡಲೆಕಾಯಿಯನ್ನೂ ನೆನೆದಿದ್ದ. ಆ ನೆನಪಿನಲ್ಲಿ ಒಮ್ಮೆಯೂ ತಮ್ಮ ಇರಲಿಲ್ಲ. ತಾನು ನೆರಳಲ್ಲಿ ಕೂತು ಚಿತ್ರ ನೋಡುವಾಗ ತಮ್ಮ ಬಿಸಿಲಲ್ಲಿ ನಿಂತಿದ್ದ ಎಂಬುದು ಅವನಿಗೆ ಈಗ ತಿಳಿಯಿತು.

"ಅದನ್ನು ನಿನಗೆ ಕೊಡಬೇಕಾಗಿತ್ತು ಕಣೋ" ಎಂದ.

ನೀಲಗಂಗಮ್ಮ ಒಳಗಿನಿಂದ ತಟ್ಟೆ ತಂದಿಟ್ಟಳು. "ಊಟ ಅರ್ಧಕ್ಕೇ ಬಿಟ್ಟು ಬಂದಿದ್ದೀಯಪ್ಪ. ಕೈ ತೊಳೆದು ಕೂತುಕೋ, ಇಲ್ಲೇ ಉಣ್ಣು" ಎಂದಳು. ಅವನು ಕೂತ. ಪೆಟ್ಟಿಗೆಯಲ್ಲಿದ್ದ ಹೊಸ ಟೀವಿಯನ್ನು ಬದಿಗೆ ಸರಿಸಿ ಇಬ್ಬರೂ ಉಂಡರು. ದೀಪ ಹಚ್ಚುವ ಹೊತ್ತಾದರೂ ಮಾತು ಮುಗಿದಿರಲಿಲ್ಲ.

ಮರುದಿನ ವ್ಯಾಪಾರಿ ತಾನೇ ಸಿಮೆಂಟು ಕಲಸಿಕೊಂಡು ತಮ್ಮನ ಮನೆಗೆ ಹೋಗಿ ಆ ಕಡೆಯ ತೂತು ಮುಚ್ಚಿದ. ತಮ್ಮ ಹಳೆಯ ಟೀವಿಯನ್ನು ಹೆಗಲ ಮೇಲೆ ಹೊತ್ತೊಯ್ದ. ಅದರ ಬದಲಿಗೆ ತನ್ನ ಮನೆಯ ಉದ್ದ ಮೇಜನ್ನು ಅಣ್ಣನಿಗೆ ತಂದುಕೊಟ್ಟ. ಹೊಸ ಟೀವಿ ಅದರ ಮೇಲೆ ಕೂತಿತು. ಚಿತ್ರ ಬಂತು. ಬಲು ಸ್ವಚ್ಛವಾಗಿ ಬಂತು. ನೋಡಲು ಕೇರಿಯವರು ಯಾರೂ ಬರಲಿಲ್ಲ, ಅವರವರ ಮನೆಯಲ್ಲಿ ಅವರವರದು ಇತ್ತು. ನಡುಗೋಡೆಯೂ ಹಾಗೆಯೇ ನಿಂತಿತ್ತು. ಭಾನುವಾರ ಬೆಳಗ್ಗೆ ತಮ್ಮ ಮಾತ್ರ ಗೋಡೆ ಸುತ್ತಿಕೊಂಡು ಬಂದು ಅಣ್ಣನ ಪಕ್ಕದಲ್ಲಿ ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಅಂದರೆ ಆ ಮನೆಗೆ ಹಳೆಯ ದಿನಗಳು ಮರಳಿದವು ಎನ್ನಬಹುದೇ ಗುರುಗಳೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿ ಹೇಳಿದರು: "ಅದಿರಲಿ, ಹಬ್ಬಕ್ಕೆ ಹೋದವನು ನಿನ್ನ ಅಣ್ಣನ ಮನೆಗೆ ಹೋಗಿದ್ದೆಯಾ?"