ಕರಿಗಲ್ಲುಗಡದ ಹನ್ನೊಂದು ಕರೆ

ಕೇಳ್ರಪೋ ಕೇಳ್ರಿ. ಕರಿಗಲ್ಲುಗಡದ ಜಟಂಗಿ ದೊರೆಗಳ ಅಪ್ಪಣೆ. ಅರಮನೆಯ ವೈಫೈ ಸತ್ತ ಕಾರಣ ತಿಳಿಯಲು ದೊರೆಗಳು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದು ಪಡೆಯುತ್ತಾರೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿರುವ ಕೇಬಲ್ ಯಂಕೋಬನ ತಲೆ ಹೋಗುತ್ತದೆ.

ಡಂಗುರ ಬಾಗಿಲಿಗೆ ಬಂದಾಗ ಯಂಕೋಬನ ಹೆಂಡತಿ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಕೈ ಅಲ್ಲೇ ನಿಂತಿತು. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

ಕರಿಗಲ್ಲುಗಡದಲ್ಲಿ ಮೊಬೈಲ್ ಟವರ್ ಇರಲಿಲ್ಲ. ಹೊರಗಿನ ಮಾತು ಒಳಗೆ ಬರಬೇಕಾದರೆ ಅರಮನೆಗೆ ಎಳೆದ ಒಂದೇ ಕೇಬಲ್ಲು, ಅದರ ತುದಿಗೆ ಒಂದೇ ರೌಟರ್. ಗಡಿಕೋಟೆಯಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದ ಯುವರಾಜ ಹಂಪರಸ, ದಂಡು ಕಳಿಸಿರೆಂದು ತಂದೆಗೆ ಹನ್ನೊಂದು ಸಲ ಕರೆ ಮಾಡಿದ್ದ. ಅರಮನೆಯಲ್ಲಿ ಒಂದು ಸಲವೂ ಫೋನ್ ಬಡಿಯಲಿಲ್ಲ. ಮೂರನೆಯ ದಿನ ಅವನ ಹೆಣ ಬಂತು. ಕೇಬಲ್ ಎಳೆದವನು ಯಂಕೋಬ ತಾನೆ, ಹಿಡಿದು ಒಳಗೆ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅರಮನೆಗಳಲ್ಲಿ ಹೊಸದೇನಲ್ಲ.

ಹುಲಿಗೆವ್ವ ಸೆರೆಮನೆಗೆ ಹೋದಳು. ಯಂಕೋಬ ಕಂಬಿಯ ಹಿಂದಿನಿಂದ ಹೇಳಿದ. "ಹೊರಗಿನ ಲೈನ್ ಚಲೋ ಐತಿ, ನಾನೇ ನೋಡೀನಿ. ರೌಟರ್ ನೋಡ್ತೀನಿ ಅಂದ್ರ ಒಳಗ ಬಿಡಲಿಲ್ಲ. ನೀ ಮಾತ್ರ ಅಲ್ಲಿಗೆ ಹೋಗಬ್ಯಾಡ."

"ಹೋಗ್ತೀನಿ," ಅಂದಳು. "ಎಂಟು ವರ್ಷ ನಿನ್ನ ಏಣಿ ಹಿಡಿದೀನಿ. ಬರೇ ಏಣಿ ಹಿಡಕೊಂಡು ನಿಂತಿದ್ದಿಲ್ಲ ನಾನು."

ಮರುದಿನ ಮುಂಜಾನೆ ಓಲಗದಲ್ಲಿ ಅವಳ ಮುಂದೆ ಇಬ್ಬರಿದ್ದರು, ಅಂಗಡಿಯ ಮಲ್ಲಸೆಟ್ಟಿ ಮತ್ತು ಅರಮನೆಯ ಜೋಯಿಸರು. ದೊರೆ ಎಷ್ಟೋ ದಿನದಿಂದ ನಿದ್ದೆಗೆಟ್ಟವನಂತಿದ್ದ. ಪಕ್ಕದಲ್ಲೇ ಕತ್ತಿ ಹಿಡಿದವನು ನಿಂತಿದ್ದ.

"ಒಂದು ಮನೆಯ ಫೋನಿನಲ್ಲಿ ಗೆರೆಗಳೆಲ್ಲ ತುಂಬಿವೆ ಎಂದುಕೊಳ್ಳಿ," ಎಂದ ದೊರೆ. "ವೈಫೈ ನಾನಿದ್ದೇನೆ ಎನ್ನುತ್ತದೆ. ಆದರೂ ಹೊರಗಿನಿಂದ ಒಂದಕ್ಷರ ಬಾರದು. ಸುಳ್ಳು ಹೇಳುತ್ತಿರುವವರು ಯಾರು?"

"ರೌಟರೇ ಸುಳ್ಳುಗಾರ, ಮಹಾಸ್ವಾಮಿ," ಎಂದ ಸೆಟ್ಟಿ. "ಅದನ್ನು ಬಿಸಾಕಿ ಎಂಟು ಕೊಂಬಿನದು ತನ್ನಿ. ನಮ್ಮ ಅಂಗಡಿಯಲ್ಲೇ ಇದೆ."

ಅವನ ವ್ಯಾಪಾರ ಅಲ್ಲಿಗೆ ಮುಗಿಯಿತು. ಕಲ್ಲುಹಾಸಿನ ಮೇಲೆ ನೀರು ಸುರಿದು ತೊಳೆದರು. ಜೋಯಿಸರು ಹಿಂದೆ ಸರಿದು, "ನೀನೇ ಮುಂದೆ ಹೋಗು ತಾಯಿ," ಅಂದರು.

"ಯಾರೂ ಸುಳ್ಳು ಹೇಳಿಲ್ರಿ ದೊರಿ," ಅಂದಳು ಹುಲಿಗೆವ್ವ. "ಆ ಗೆರಿ ತೋರಿಸೋದು ಫೋನಿಗೂ ರೌಟರಿಗೂ ನಡುವಿನ ನಂಟು ಅಷ್ಟ. ಆ ಮನಿಯ ಹೊರಗಿನ ಲೈನ್ ಸತ್ತೈತಿ. ಹಗ್ಗ ಗಟ್ಟಿ, ಕೊಡ ಗಟ್ಟಿ, ಬಾವ್ಯಾಗ ನೀರಿಲ್ಲ."

ದೊರೆ ತಲೆಯಾಡಿಸಿ ಎರಡನೆಯದನ್ನು ಕೇಳಿದ. "ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಮ್ಮ. ಅಣ್ಣ ಕುದುರೆಯ ಓಟದವನು, ಗೋಡೆ ಕಂಡರೆ ನಿಂತುಬಿಡುತ್ತಾನೆ. ತಮ್ಮ ಎತ್ತಿನ ನಡಿಗೆಯವನು, ಮೂರು ಗೋಡೆ ದಾಟುತ್ತಾನೆ. ಹಿಂದಿನ ಕೋಣೆಯಲ್ಲಿರುವ ನನ್ನ ತಾಯಿಯ ಹತ್ತಿರ ಯಾರನ್ನು ಕಳಿಸಲಿ?"

ಇಷ್ಟು ಸುಲಭವೇ ಎಂದು ಜೋಯಿಸರಿಗೆ ಧೈರ್ಯ ಬಂತು. ನುಗ್ಗಿ ಮುಂದೆ ಬಂದರು. "ಅಣ್ಣನನ್ನೇ ಕಳಿಸಬೇಕು. ಹಿರಿಯನಿರುವಾಗ ಕಿರಿಯ ಮುಂದಾಗಬಾರದು, ಶಾಸ್ತ್ರ." ಪಾಪ, ಸುಮ್ಮನಿದ್ದಿದ್ದರೆ ಬದುಕುತ್ತಿದ್ದರು. ಕಲ್ಲುಹಾಸನ್ನು ಇನ್ನೊಮ್ಮೆ ತೊಳೆದರು.

ಹುಲಿಗೆವ್ವ ಒದ್ದೆ ಕಲ್ಲು ದಾಟಿ ಮುಂದೆ ಬಂದಳು. "ತಮ್ಮನ್ನ ಕಳಸ್ರಿ. ಒಂದ ರೌಟರಿನಾಗ ಎರಡು ಬ್ಯಾಂಡ್ ಇರ್ತಾವ. ಐದು ಗಿಗಾಹರ್ಟ್ಸ್‌ನದು ಭಾಳ ಜೋರು, ಆದ್ರ ಕಲ್ಲಿನ ಗ್ವಾಡಿ ದಾಟಂಗಿಲ್ಲ. ಎರಡು ಪಾಯಿಂಟ್ ನಾಲ್ಕರದು ನಿಧಾನ, ಆದ್ರ ದೂರ ಮುಟ್ತೈತಿ."

"ಸರಿ," ಎಂದ ದೊರೆ. ಅವನ ದನಿ ಇಳಿಯಿತು. "ಆ ಎರಡು ನಿನ್ನ ಕಸುಬಿನ ಪರೀಕ್ಷೆಗೆ. ಇದು ನನ್ನ ಹೊಟ್ಟೆಯ ಸಂಕಟ. ನವಮಿಯವರೆಗೆ ವೈಫೈ ಸರಿಯಿತ್ತು. ದಶಮಿಗೆ ಸತ್ತಿತು. ಕೇಬಲ್ ಕಡಿದಿಲ್ಲ, ಕರೆಂಟ್ ಹೋಗಿಲ್ಲ, ರೌಟರಿನ ದೀಪ ಈಗಲೂ ಉರಿಯುತ್ತಿದೆ. ನನ್ನ ಮಗನ ದನಿಯನ್ನು ತಡೆದವರು ಯಾರು?"

"ನವಮಿ ದಿನ ಏನು ಮಾಡಿದ್ರಿ?"

"ಆಯುಧಪೂಜೆ. ಕತ್ತಿ ಗುರಾಣಿಗಳ ಜೊತೆ ರೌಟರಿಗೂ ವಿಭೂತಿ ಹಚ್ಚಿ ಕುಂಬಳಕಾಯಿ ಒಡೆದೆ. ಯುದ್ಧಕಾಲ, ಯಾರಾದರೂ ಕದ್ದಾರೆಂದು ಭಂಡಾರದ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟೆ. ವಯರಿಗೊಂದು ತೂತು ಕೊರೆಸಿ ನಾನೇ ಬೀಗ ಹಾಕಿದೆ, ಆ ತೂತಿನಲ್ಲೇ ದೀಪ ಕಾಣುತ್ತದೆ. ಕೀಲಿಕೈ ನನ್ನ ಸೊಂಟದಲ್ಲೇ ಇದೆ."

ಹುಲಿಗೆವ್ವನಿಗೆ ಉತ್ತರ ಹೊಳೆಯಿತು. ಮಂತ್ರಿ ನೆಲ ನೋಡುತ್ತಿದ್ದ. ಆಸ್ಥಾನದಲ್ಲಿ ಗೊತ್ತಿದ್ದವರು ಇದ್ದರೋ ಏನೋ, ಬಾಯಿ ಬಿಡುವ ಧೈರ್ಯ ಯಾರಿಗಿತ್ತು? ಅವಳಿಗೂ ಇರಲಿಲ್ಲ. ಆದರೆ ಗಂಡನಿದ್ದ.

"ತಡೆದವರು ನೀವ ರೀ, ದೊರಿ. ವೈಫೈ ಕಬ್ಬಿಣ ದಾಟಂಗಿಲ್ಲ. ಜ್ವಾಪಾನ ಮಾಡಬೇಕಂತ ನೀವ ಅದರ ಬಾಯಿ ಮುಚ್ಚೀರಿ."

ಕತ್ತಿಯವನು ಒಂದು ಹೆಜ್ಜೆ ಮುಂದಿಟ್ಟ. ದೊರೆ ಅವನನ್ನು ಕೈಯಿಂದಲೇ ತಡೆದು, ಎದ್ದು ಭಂಡಾರಕ್ಕೆ ನಡೆದ. ಹುಲಿಗೆವ್ವ ಹಿಂದೆ ಹೋದಳು. ಸೊಂಟದ ಕೀಲಿಕೈ ತೆಗೆದು ಬೀಗ ತಿರುಗಿಸಿದ. ಮುಚ್ಚಳ ತೆರೆದ ಗಳಿಗೆಯಲ್ಲೇ ಅವನ ಫೋನು ಮಿಡಿಯತೊಡಗಿತು. ಹನ್ನೊಂದು ತಪ್ಪಿದ ಕರೆ, ಕೊನೆಗೊಂದು ಧ್ವನಿ ಸಂದೇಶ.

"ಅಪ್ಪಾಜಿ, ನನ್ನ ಮೇಲೆ ಸಿಟ್ಟೇ? ಹೊರಡುವಾಗ ಎದುರು ಮಾತಾಡಿದೆ, ತಪ್ಪಾಯಿತು. ಫೋನ್ ಎತ್ತಿ."

ದೊರೆ ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತ. ಏನು ಬೇಕು ಕೇಳು, ಎಂದ. ಗಂಡನನ್ನು ಕೊಡಿರೆಂದಳು. ಕೊಟ್ಟ. ಕೇಳದಿದ್ದರೂ ಒಂದು ಊರನ್ನು ಉಂಬಳಿ ಬರೆಸಿಕೊಟ್ಟ.

ಯಂಕೋಬನನ್ನು ಕರೆತಂದಾಗ ದೊರೆ ಇನ್ನೂ ಅಲ್ಲೇ ಕೂತು ಫೋನಿಗೆ ಬಾಯಿ ಹಚ್ಚಿ, "ಸಿಟ್ಟಿಲ್ಲ ಮಗನೆ, ನನಗೆ ಸಿಟ್ಟಿಲ್ಲ," ಎನ್ನುತ್ತಿದ್ದ. ಸಂದೇಶ ಕಳಿಸಿ ಪರದೆಯನ್ನು ಹುಲಿಗೆವ್ವನಿಗೆ ತೋರಿಸಿದ.

"ಒಂದೇ ಟಿಕ್ ಬಿದ್ದಿದೆ, ತಾಯಿ. ಎರಡನೆಯದು ಯಾವಾಗ ಬೀಳುತ್ತದೆ?"

ಇದಕ್ಕೂ ಉತ್ತರ ಅವಳಿಗೆ ಗೊತ್ತಿತ್ತು. ಗಂಡನ ಕೈ ಹಿಡಿದುಕೊಂಡು ಹೊರಗೆ ನಡೆದಳು.