ಬೆಳ್ಳವ್ವನ ಅಳು ನಡೆದು ಬಂದದ್ದು

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಅಜ್ಜನಿಗೇ ಇನ್ನೂ ಮೀಸೆ ಮೊಳೆತಿರದ ಕಾಲ ಅಂತಿಟ್ಕೋ ಪುಟ್ಟಾ, ಒಂದು ಕೆರೆ ದಂಡೇಲಿ ಗುಂಡಣ್ಣ ಅಂತ ಒಬ್ಬ ಕುಂಬಾರ ಇದ್ದನಂತೆ, ಅವನ ಹೆಂಡತಿ ಕೆಂಚವ್ವ, ಅವರಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡೋಳು ಸಾಕವ್ವ, ಚಿಕ್ಕೋಳು ಬೆಳ್ಳವ್ವ. ಸಾಕವ್ವ ಎಲ್ಲರ ಹಾಗೆ, ನಗೋ ಕಡೆ ನಗೋಳು, ಅಳೋ ಕಡೆ ಅಳೋಳು. ಬೆಳ್ಳವ್ವನದೇ ಬೇರೆ. ಹದಿನಾಲ್ಕು ತುಂಬಿ ಹದಿನೈದಕ್ಕೆ ಬಿದ್ದಿದ್ದರೂ ಮಡಕೆ ಮಾಡೋ ತಿಗರಿ ತಿರುಗೋದು ಕಂಡರೆ ಎರಡೂ ಕೈ ರೆಕ್ಕೆ ಹಾಗೆ ಬಡೀತಾ ಕುಣಿಯೋಳಂತೆ. ತಾನು ಸಾಲಾಗಿ ಇಟ್ಟ ಕುಡಿಕೆಯನ್ನ ಯಾರಾದರೂ ಒಂದು ಗೇಣು ಸರಿಸಿದರೆ ನೆಲಕ್ಕೆ ಬಿದ್ದು ಹೊರಳಾಡೋಳಂತೆ. ತಮಟೆ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಓಡೋಳಂತೆ. ಅವಳಿಗೆ ಹುಚ್ಚಾ ಅಜ್ಜಿ ಅಂತೀಯಾ? ಹುಚ್ಚೂ ಇಲ್ಲ ಗಿಚ್ಚೂ ಇಲ್ಲ, ಸುಮ್ನೆ ಕೇಳು, ಕಾಲು ಆಡಿಸಬೇಡ.

ಆಮೇಲೆ ಸಾಕವ್ವನ ಮದುವೆ ಆಯ್ತಂತೆ. ಹೆಣ್ಣು ಒಪ್ಪಿಸೋ ಹೊತ್ತು ಅಂದ್ರೆ ಗೊತ್ತಲ್ಲ, ಮನೆಮಂದಿಯೆಲ್ಲ ಅಳಲೇಬೇಕು, ಅಳದಿದ್ರೆ ಊರು ಬಿಡುತ್ಯೇ? ಕೆಂಚವ್ವ ಅತ್ತಳು, ಗುಂಡಣ್ಣ ಅತ್ತ, ಓಲಗದೋನೂ ನಾಗಸ್ವರ ಕೆಳಗಿಟ್ಟು ಮೂಗು ಒರೆಸಿಕೊಂಡನಂತೆ. ಬೆಳ್ಳವ್ವ ಮಾತ್ರ ಒಣಗಿದ ಕಣ್ಣು ಬಿಟ್ಕೊಂಡು, ಅಕ್ಕಾ, ಬಾಚಣಿಗೆ ಇಟ್ಕೊಂಡ್ಯಾ ಅಂದಳಂತೆ. ಅಷ್ಟೇ. ಗಾಡಿ ಹೊರಟಿತು. ಪಕ್ಕದ ಮನೆ ಮುದ್ದಕ್ಕ ಅಲ್ಲೇ ಶುರು ಮಾಡಿದಳು ನೋಡು: ಅಯ್ಯೋ ಕೆಂಚಿ, ನಿನ್ನ ಮಗಳಿಗೆ ಎದೆ ಇರೋ ಜಾಗದಲ್ಲಿ ರುಬ್ಬೋ ಗುಂಡು ಇದೆಯಲ್ಲೇ!

ಆ ಮಾತು ಗುಂಡಣ್ಣನ ಕಿವೀಲಿ ಕೂತುಬಿಡ್ತಂತೆ. ಕೆಟ್ಟೋನಲ್ಲ ಪಾಪ, ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಆವಿಗೆ, ಅದೇ ಮಡಕೆ ಸುಡೋ ಗೂಡು, ಅದರಿಂದ ತೆಗೆದ ಮಡಕೆನ ಬೆರಳ ಗೆಣ್ಣಲ್ಲಿ ಮೂರು ಸಲ ಬಡಿಯೋದು, ಕತ್ತಿಗೊಂದು, ಹೊಟ್ಟೆಗೊಂದು, ತಳಕ್ಕೊಂದು. ಠಣ್ ಅಂದ್ರೆ ಸಂತೆಗೆ, ಬೊದ್ ಅಂದ್ರೆ ಬಿರುಕು, ಒಡೆದ ಚೂರಿನ ಬೋಕಿ ಗುಡ್ಡೆಗೆ. ಹೆತ್ತ ಮಗಳನ್ನೂ ಹಾಗೇ ನೋಡೋಕೆ ಹೊರಟನಂತೆ. ಅಕ್ಕನ ಗಾಡಿ ಹೊರಟಾಗಲೇ ಒಂದು ಬಡಿತ ಆಯ್ತು, ಸದ್ದಿಲ್ಲ. ಇನ್ನೆರಡು ನೋಡ್ತೀನಿ, ಆಗಲೂ ಬರದಿದ್ರೆ ಹೊಳೆಯಾಚೆ ಅವಳ ಸೋದರಮಾವನ ಕುರಿಹಟ್ಟಿಗೆ ಬಿಟ್ಟು ಬರ್ತೀನಿ, ಎದೇಲಿ ತೇವ ಇಲ್ಲದೋಳು ಇರೋ ಮನೇಲಿ ತಿಗರಿ ಮೇಲೆ ಮಣ್ಣು ನಿಲ್ಲಲ್ಲ ಅಂದನಂತೆ. ಕೆಂಚವ್ವ ಅಂದುಕೊಂಡಳು, ಒಬ್ಬಳು ಹೋಗಿದ್ದಾಳೆ, ಇವಳೂ ಹೋದರೆ ಮನೇಲಿ ಇರೋದೇನು, ಬರೀ ಮಡಕೆ. ಆದರೂ ಒಳಗೊಳಗೇ ಒಂದು ಮುಳ್ಳು ಚುಚ್ಚುತಿತ್ತಂತೆ, ಇವರು ಹೇಳೋದು ನಿಜವೇ ಆಗಿದ್ದರೆ?

ಆಮೇಲೆ ಎರಡನೇ ಬಡಿತ. ಗುಂಡಣ್ಣ ಅಂಗಳದಲ್ಲಿ ಅಯ್ಯಯ್ಯಪ್ಪಾ ಅಂತ ಎದೆ ಹಿಡ್ಕೊಂಡು ದೊಪ್ಪನೆ ಬಿದ್ದು, ಸತ್ತೋನ ಹಾಗೆ ನಾಲಿಗೆ ಹೊರಗೆ ಹಾಕಿದನಂತೆ. ಬೆಳ್ಳವ್ವ ಬಂದಳು, ಬಗ್ಗಿ ನೋಡಿದಳು. ಅಪ್ಪಾ, ರೆಪ್ಪೆ ಅಲ್ಲಾಡ್ತಾ ಇದೆ, ಇಲ್ಲೇ ಮಲಗ್ತೀಯಾ, ಹಸಿ ಮಡಕೆಗೆ ಬಿಸಿಲು ಬಿತ್ತು, ಗೋಣಿ ಹೊದಿಸಬೇಕು, ಅಂತ ಅವನನ್ನ ದಾಟಿಕೊಂಡೇ ಹೋದಳಂತೆ! ಗುಂಡಣ್ಣ ಎದ್ದು ಧೂಳು ಕೊಡವಿಕೊಂಡು, ನೋಡಿದ್ಯೇನೇ, ಅಪ್ಪ ಸತ್ತರೂ ಗೋಣಿ ಯೋಚನೆ ಅಂದ. ನೀವು ಸತ್ತಿರಲಿಲ್ಲವಲ್ಲ ಅಂದಳಂತೆ ಕೆಂಚವ್ವ.

ಮೂರನೇದು ಕೆಂಚವ್ವನ ತಲೆಗೇ ಬಂತು. ನೀನೇ ಹೇಳು ಅಂದನಂತೆ ಗಂಡ. ಅವಳು ಸೆರಗಿನ ತುದಿ ಹಿಸುಕಿಕೊಂಡು, ಬೆಳ್ಳಾ, ನಾಳೆ ನಿನ್ನ ಮಾವನ ಹಟ್ಟಿಗೆ ಕಳಿಸ್ತೀವಿ ಕಣೇ, ಇನ್ನು ಅಲ್ಲೇ ಇರೋದು ಅಂದಳಂತೆ. ಬೆಳ್ಳವ್ವ ಹೂಂ ಅಂದಳು. ಅಷ್ಟೇ ಮಗಾ, ಬರೀ ಹೂಂ. ಬುತ್ತಿ ಕಟ್ಟು ಅಂತ ಹೇಳಿ ಗುಂಡಣ್ಣ ಎದ್ದುಬಿಟ್ಟ.

ಆಮೇಲೆ ಹೊತ್ತು ಇಳಿಯೋಕೆ ಬಂದರೂ ಹುಡುಗಿ ಕಾಣಲಿಲ್ಲವಂತೆ. ಕೆಂಚವ್ವ ಕೆರೆ ನೋಡಿದಳು, ಹಿತ್ತಲು ನೋಡಿದಳು, ಕೊನೆಗೆ ತಣ್ಣಗಾಗಿದ್ದ ಆವಿಗೆಯೊಳಗೆ ಬಗ್ಗಿದರೆ, ಅಲ್ಲಿ ಬೂದೀಲಿ ಮುದುಡಿಕೊಂಡು, ಚೂರೂ ಸದ್ದಿಲ್ಲದೆ ಅಳ್ತಾ ಇದ್ದಳಂತೆ. ಅಕ್ಕನ ಹಳೇ ರವಿಕೆ ಮುಖಕ್ಕೆ ಒತ್ತಿಕೊಂಡಿದ್ದಳು, ಅದು ಹಿಂಡಿದರೆ ನೀರು ಸುರಿಯೋ ಹಾಗೆ ನೆನೆದಿತ್ತು. ತಬ್ಬಿಕೊಳ್ಳೋಕೆ ಹೋದರೆ ಹಿಂದೆ ಸರಿದಳು. ಸರಿ, ಕೆಂಚವ್ವನೂ ಒಂದು ಮಾರು ದೂರದಲ್ಲಿ ಬೂದೀಲೇ ಕೂತಳಂತೆ. ಎಷ್ಟೋ ಹೊತ್ತಾದ ಮೇಲೆ ಬೆಳ್ಳವ್ವ ಹೇಳಿದಳಂತೆ: ಅವ್ವಾ, ಇದು ಅಕ್ಕನಿಗೆ ಅಳೋ ಅಳು. ಹಟ್ಟಿಗೆ ಹೋಗೋದರ ಅಳು ಇನ್ನೂ ಬಂದಿಲ್ಲ. ನಿಮ್ಮದೆಲ್ಲ ಗಾಡೀಲಿ ಬರುತ್ತೆ, ನಂದು ನಡ್ಕೊಂಡು ಬರುತ್ತೆ. ಎಲ್ಲರೂ ನನ್ನೇ ನೋಡ್ತಾ ನಿಂತರೆ ದಾರೀಲೇ ಕೂತುಬಿಡುತ್ತೆ. ಮತ್ತೆ ಅಪ್ಪ ಬಿದ್ದಾಗ? ಅಂದಳಂತೆ ಕೆಂಚವ್ವ. ಅಪ್ಪ ಸುಳ್ಳುಸುಳ್ಳೇ ಬಿದ್ದದ್ದು, ಅದಕ್ಕೆ ಯಾಕೆ ಅಳಲಿ?

ಮಗಳಿಗೆ ಕುಡಿಯೋಕೆ ನೀರು ತರೋಣ ಅಂತ ಕೆಂಚವ್ವ ಒಳಗೆ ಹೋದಳು. ಕೈಯ ಕಡಗ ಮಡಕೆಗೆ ತಾಗಿತು, ಬೊದ್ ಅಂತು. ಇದೇನು, ಮೊನ್ನೆ ಠಣ್ ಅಂತಿದ್ದ ಮಡಕೆ! ಬಗ್ಗಿ ನೋಡಿದರೆ ಅಂಚಿನ ತನಕ ನೀರು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳಂತೆ. ಮಗಳಿಗೆ ನೀರು ಕೊಟ್ಟವಳೇ, ಆ ಮಡಕೆನ ಮತ್ತೆ ತುಂಬಿಸಿ, ಸಂತೆಗೆ ಜೋಡಿಸಿದ್ದ ಸಾಲಿನ ನಡುವೆ ಇಟ್ಟು, ಬುತ್ತಿ ಕಟ್ಟಿ ಆಗಿದೆ, ಹೊರಡೋ ಮುಂಚೆ ಇವನ್ನ ಒಂದು ಸಲ ಬಡಿದು ನೋಡಿ ಅಂದಳಂತೆ. ಗುಂಡಣ್ಣನಿಗೋ ಜಂಬ, ಕಣ್ಣು ಮುಚ್ಚಿಕೊಂಡೇ ಹೇಳ್ತೀನಿ ನೋಡೇ ಅಂತ ಹೊರಟ. ಠಣ್, ಠಣ್, ಠಣ್, ಆಮೇಲೆ ಬೊದ್. ಕತ್ತಿಗೆ ಬೊದ್, ಹೊಟ್ಟೆಗೆ ಬೊದ್, ತಳಕ್ಕೂ ಬೊದ್. ಬಿರುಕು ಕಣೇ, ಗುಡ್ಡೆಗೆ, ಅಂತ ಎತ್ತಿದ. ಇದ್ಯಾಕಪ್ಪ ಇಷ್ಟು ಭಾರ ಅನ್ನೋಷ್ಟರಲ್ಲಿ ನೀರೆಲ್ಲ ಎದೆಯಿಂದ ಕಾಲ ತನಕ! ಒದ್ದೆ ಕೋಳಿ ಹಾಗೆ ನಿಂತುಬಿಟ್ಟನಂತೆ.

ಬಿರುಕಲ್ಲ ಕಣ್ರೀ, ತುಂಬಿದೆ, ತುಂಬಿದ್ದು ಠಣ್ ಅನ್ನಲ್ಲ ಅಂದಳಂತೆ ಕೆಂಚವ್ವ. ಆವಿಗೆಯೊಳಗೆ ನಿಮ್ಮ ಮಗಳಿದ್ದಾಳೆ, ಹೋಗಿ. ಬಡಿಯೋಕೆ ಹೋಗಬೇಡಿ, ಅವಳದು ನಡ್ಕೊಂಡು ಬರುತ್ತಂತೆ, ಸುಮ್ಮನೆ ಕೂತಿರಿ.

ಗುಂಡಣ್ಣ ಹೋದ, ಕೂತ, ಒದ್ದೆ ಪಂಚೆಗೆ ಬೂದಿ ಮೆತ್ತಿಕೊಂಡು ಬೈರಾಗಿ ಹಾಗೆ ಆದನಂತೆ. ಬೆಳ್ಳವ್ವ ಅವನನ್ನೇ ನೋಡ್ತಾ ನೋಡ್ತಾ, ಅಪ್ಪಾ, ಈಗ ಬಂತು ಅಂದಳು, ಹಟ್ಟಿಯ ಅಳು ಅತ್ತಳಂತೆ, ಈ ಸಲ ಊರಿಗೆ ಕೇಳೋ ಹಾಗೆ. ಗುಂಡಣ್ಣನೂ ಅತ್ತ. ಆಮೇಲೆ ಬುತ್ತಿ ಗಂಟು ಬಿಚ್ಚಿ ಮೂವರೂ ಅಲ್ಲೇ ಕೂತು ತಿಂದರಂತೆ.

ಆಮೇಲೆ ಗೌರಿ ಹಬ್ಬಕ್ಕೆ ಸಾಕವ್ವ ತವರಿಗೆ ಬಂದಳು. ಬೆಳ್ಳವ್ವ ತಲೆ ಕೂಡ ಎತ್ತದೆ ಮಣ್ಣು ಕಲಸ್ತಾ ಕೂತಿದ್ದಳಂತೆ. ಮುದ್ದಕ್ಕ ಬಾಯಿ ತೆರೆಯೋ ಮೊದಲೇ ಗುಂಡಣ್ಣ, ಸುಮ್ನಿರಕ್ಕಾ, ಅವಳ ನಗು ಇನ್ನೂ ಕೆರೆ ಏರಿ ಮೇಲಿದೆ, ನಡ್ಕೊಂಡು ಬರ್ತಾ ಇದೆ ಅಂದನಂತೆ. ಊಟ ಆಯ್ತು, ಎಲೆಯಡಿಕೆ ಆಯ್ತು, ಹಸು ಕೊಟ್ಟಿಗೆಗೆ ಬಂದವು. ಆಗ ಹಿತ್ತಲಲ್ಲಿ, ಅಕ್ಕ ಬಂದಳು, ಅಕ್ಕ ಬಂದಳು ಅಂತ ಕುಣಿಯೋ ಸದ್ದು. ಗುಂಡಣ್ಣ ಬಾಯಲ್ಲಿದ್ದ ಎಲೆ ಉಗಿದು, ಬಂತು ಬಂತು, ಎಲ್ಲ ಬನ್ರೋ ಅಂತ ಮನೆಮಂದೀನೆಲ್ಲ ಎಬ್ಬಿಸಿಕೊಂಡು ಓಡಿದನಂತೆ.

ಅವರ ಮನೆ ಆವಿಗೆ ಉರೀತಾ ಇರಲಿ, ನಮ್ಮನೆ ದೀಪ ಸಣ್ಣಗಾಗಲಿ, ಕತೆ ಮುಗೀತು. ಆ ಕಡೆ ತಿರುಗಿ ಮಲಕ್ಕೋ.