ಹುಲಿಯ ವಿವರಣೆ

ಕಳೆದ ಚೈತ್ರದ ಒಂದು ಬೆಳಿಗ್ಗೆ ಇದು ನಡೆಯಿತು. ಹುಲಿಯ ನಡೆಯನ್ನು ಮರದ ತುದಿಯಿಂದ ಕೂಗಿ ತಿಳಿಸುವುದರಲ್ಲೇ ಕರಿಮೂತಿಯ ಕೋತಿ ಮುಸುವಜ್ಜ ಮುದಿಯಾಗಿದ್ದ. ಅವನು ಕೂಗಿದರೆ ಜಿಂಕೆಗಳು ಓಡುತ್ತಿದ್ದವು. ಸುಮ್ಮನಿದ್ದರೆ ನಿಶ್ಚಿಂತೆಯಿಂದ ಮೇಯುತ್ತಿದ್ದವು.

ಅಂದು ಬುಡದ ಪೊದೆಯಲ್ಲೇ ಹುಲಿ ಕಂಡಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಅದು ಮೆಲ್ಲಗೆ ಹೇಳಿತು: "ಹಿರಿಯರೇ, ಇಷ್ಟು ವರ್ಷ ನನ್ನ ವಿಷಯ ಹೇಳಿದಿರಿ, ನನ್ನನ್ನು ಒಂದು ಮಾತು ಕೇಳಲಿಲ್ಲ. ಇವತ್ತು ಕೇಳಿಕೊಂಡೇ ಕೂಗಿ. ನಿಮ್ಮಂಥ ತಿಳಿದವರಿಗಲ್ಲದೆ ಇನ್ನಾರಿಗೆ ಹೇಳಲಿ?"

ನ್ಯಾಯದ ಮಾತು ಎನಿಸಿತು, ಹಿತವೂ ಆಯಿತು. ಮುಸುವಜ್ಜ ಒಂದು ಕೊಂಬೆ ಕೆಳಗಿಳಿದು ಕಿವಿಗೊಟ್ಟ. ಹುಲಿ ವಿವರವಾಗಿ ಹೇಳತೊಡಗಿತು.

"ಅಜ್ಜ ಸುಮ್ಮನಿದ್ದಾನೆ, ಬನ್ನಿ," ಎಂದು ತಾಯಿ ಜಿಂಕೆಯೊಂದು ಹಿಂಡನ್ನು ಮರದಡಿ ಉದುರಿದ ಚಿಗುರಿಗೆ ಕರೆತಂದಿತು.

"ನನ್ನ ಮಾತು ಮುಗಿಯಿತು. ಇನ್ನು ಕೂಗಬಹುದು," ಎಂದು ಹುಲಿ ನೆಗೆಯಿತು.

ಮುಸುವಜ್ಜ ಕೂಗಿದ. ಸತ್ತ ಜಿಂಕೆಗಳು ಎರಡು.